ಕನ್ನಡ ಮೀಡಿಯಂನಿಂದ ಕಾಂಬೋಡಿಯಾದ ತರಗತಿಗೆ

ನಮಸ್ಕಾರ ಎಲ್ಲರಿಗೂ. ದಾವಣಗೆರೆಗೆ ರಜೆಗೆ ಬಂದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮಂಡಕ್ಕಿ ಅಂಗಡಿ ಮುಂದೆ, ಎಲ್ಲಿ ಹೋದರೂ ಅದೇ. "ಕನ್ನಡ ಮೀಡಿಯಂನಲ್ಲಿ ಓದಿದೋಳು ನೀನು, ಹೊರದೇಶದ ಮಕ್ಕಳಿಗೆ ಇಂಗ್ಲಿಷ್ ಹೆಂಗ್ ಕಲಿಸ್ತೀಯವ್ವಾ?"

ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಅದಕ್ಕೇ ಇವತ್ತು ಸಮಾಧಾನವಾಗಿ ಉತ್ತರ ಹೇಳುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿದ್ದರಿಂದಲೇ ನನಗೆ ಕಲಿಸಲು ಆಗುತ್ತಿದೆ.

ಈಗ ನೀವು ನೋಡುತ್ತಿರುವುದು ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದಿಂದ ಸ್ವಲ್ಪ ಹೊರಗಿರುವ, ನಾನು ಸ್ವಯಂಸೇವಕಿಯಾಗಿ ಇಂಗ್ಲಿಷ್ ಕಲಿಸುವ ಒಂದು ಹಳ್ಳಿ ಶಾಲೆ. ಬಿಳಿ ಅಂಗಿ, ನೀಲಿ ಲಂಗ, ನೀಲಿ ಚಡ್ಡಿ. ಸುತ್ತಲೂ ಭತ್ತದ ಗದ್ದೆ. ನಮ್ಮ ಹರಿಹರ, ಮಲೇಬೆನ್ನೂರು ಕಡೆಯ ಶಾಲೆ ಅಂದರೂ ನೀವು ನಂಬುತ್ತೀರಿ, ಅಲ್ವಾ? ಮಕ್ಕಳ ಮುಖವನ್ನು ನಾನು ಬೇಕಂತಲೇ ತೋರಿಸಿಲ್ಲ. ಕೈ, ಪುಸ್ತಕ, ಬೋರ್ಡು ಅಷ್ಟೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಲ್ಲಿ ಅನೇಕ ಸರ್ಕಾರಿ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು. ಕೋಣೆ ಸಾಲದು, ಟೀಚರೂ ಸಾಲದು. ಈ ಕೊರತೆಯ ಹಿಂದೆ ಒಂದು ದೊಡ್ಡ ದುಃಖ ಇದೆ. 1975ರಿಂದ 1979ರವರೆಗೆ ಖಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪಿನ ಆಡಳಿತ ಶಾಲೆಗಳನ್ನು ಮುಚ್ಚಿಸಿತು. ಓದಿದವರನ್ನು ಹುಡುಕಿ ಕೊಂದಿತು. ಟೀಚರುಗಳೂ ಅದರಲ್ಲಿ ಸೇರಿದ್ದರು. ರಾಜಧಾನಿ ನಾಮ್ ಪೆನ್‌ನಲ್ಲಿರುವ ತುಓಲ್ ಸ್ಲೆಂಗ್ ಈಗ ಮ್ಯೂಸಿಯಂ. ಆಗ ಅದು ಸೆರೆಮನೆ. ಅದಕ್ಕೂ ಮೊದಲು ಅದು ಹೈಸ್ಕೂಲ್ ಆಗಿತ್ತು. ತರಗತಿ ಕೋಣೆಗಳಲ್ಲೇ ಜನರನ್ನು ಹಿಂಸಿಸಿದ್ದಾರೆ. ಅಲ್ಲಿ ನಿಂತಾಗ ನನಗೆ ಕ್ಯಾಮೆರಾ ಆನ್ ಮಾಡಲು ಮನಸ್ಸಾಗಲಿಲ್ಲ. ಹಾಗಾಗಿ ಆ ಜಾಗದ ದೃಶ್ಯ ಈ ವಿಡಿಯೋದಲ್ಲಿ ಇಲ್ಲ.

1979ರ ನಂತರ ಶಾಲೆಗಳನ್ನು ಮತ್ತೆ ತೆರೆದಾಗ ಸ್ವಲ್ಪ ಓದು ಬಂದವರೇ ಟೀಚರ್ ಆದರು. ಬೇರೆ ದಾರಿ ಇರಲಿಲ್ಲ. 80ರ ದಶಕದಲ್ಲಿ ಅಲ್ಲಿ ವಿಯೆಟ್ನಾಮೀಸ್, ರಷ್ಯನ್ ಭಾಷೆಗಳಿಗೆ ಜಾಗ ಇತ್ತು. ಇಂಗ್ಲಿಷನ್ನು ಜನ ಗುಟ್ಟಾಗಿ ಕಲಿಯುತ್ತಿದ್ದರು. ಇಂಗ್ಲಿಷಿಗೆ ಬೇಡಿಕೆ ಬಂದದ್ದು 1992ರಲ್ಲಿ ವಿಶ್ವಸಂಸ್ಥೆಯವರು ಶಾಂತಿ ಕಾಪಾಡಲು ಬಂದ ಮೇಲೆ. 1999ರಲ್ಲಿ ದೇಶ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟ ಸೇರಿತು. ಆ ಕೂಟದ ವ್ಯವಹಾರ ಎಲ್ಲ ಇಂಗ್ಲಿಷಿನಲ್ಲಿ. ಇನ್ನು ಸಿಯೆಮ್ ರೀಪ್ ಅಂಕೋರ್ ವಾಟ್ ದೇವಾಲಯದ ಊರು. ಹೋಟೆಲ್, ಗೈಡ್, ಟುಕ್‌ಟುಕ್, ಯಾವ ಕೆಲಸಕ್ಕೂ ನಾಲ್ಕು ಮಾತು ಇಂಗ್ಲಿಷ್ ಬೇಕು. ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಅಂದರೆ ಹೊಟ್ಟೆಪಾಡಿನ ಪ್ರಶ್ನೆ.

ಈಗ ಪಾಠದ ವಿಷಯಕ್ಕೆ ಬರೋಣ. ನನಗೆ ಅತಿ ಇಷ್ಟದ ಭಾಗ ಇದು.

ಈ ಬೋರ್ಡ್ ನೋಡಿ. ಇದು ಖಮೇರ್, ಅಂದರೆ ಕಾಂಬೋಡಿಯಾದ ಭಾಷೆಯ ಅಕ್ಷರಮಾಲೆ. ಮೊದಲ ಸಾಲು ಕ ವರ್ಗ, ಆಮೇಲೆ ಚ ವರ್ಗ, ಕೊನೆಕೊನೆಗೆ ಪ ವರ್ಗ. ಉಚ್ಚಾರ ಸ್ವಲ್ಪ ಬೇರೆ, ಜೋಡಿಸಿದ ಕ್ರಮ ಮಾತ್ರ ನಮ್ಮದೇ. ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಖಮೇರ್ ಲಿಪಿ ಬೆಳೆದಿದೆ. ಅದರ ಮೂಲವೂ ಬ್ರಾಹ್ಮಿ, ಕನ್ನಡದ ಮೂಲವೂ ಬ್ರಾಹ್ಮಿ. ಅಲ್ಲಿನ ಮಕ್ಕಳೂ ಗಂಟಲಿನಿಂದ ಶುರುಮಾಡಿ ತುಟಿಯವರೆಗೆ ಅಕ್ಷರ ಕಲಿಯುತ್ತಾರೆ. ಹಾಗಾಗಿ ಇಂಗ್ಲಿಷಿನ ಶಬ್ದವನ್ನು ಹೇಳಿಕೊಡುವಾಗ ನಾಲಿಗೆ ಎಲ್ಲಿ ತಾಗಬೇಕು, ತುಟಿ ಯಾವಾಗ ಸೇರಬೇಕು ಅಂತ ನಾನು ತೋರಿಸಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ನಾನು ಓದುವಾಗ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007ರ ನಂತರ. ನಾವೆಲ್ಲ ಬಸ್ಸು, ಕಾರು, ಬುಕ್ಕು ಅನ್ನುತ್ತಿದ್ದೆವು. ಕನ್ನಡದ ಬಾಯಿಗೆ ಪದದ ಕೊನೆಯಲ್ಲೊಂದು ಸ್ವರ ಬೇಕು. "ಕೊನೆಗೆ ಉ ಸೇರಿಸಬೇಡಿ, ಅಲ್ಲೇ ನಿಲ್ಲಿಸಿ" ಅಂತ ನಮ್ಮ ಮೇಷ್ಟ್ರು ಮೇಜು ತಟ್ಟಿ ಹೇಳುತ್ತಿದ್ದರು. ಖಮೇರ್ ಮಕ್ಕಳದು ಇದಕ್ಕೆ ಪೂರ್ತಿ ಉಲ್ಟಾ. ಅವರು ಕೊನೆಯ ಶಬ್ದವನ್ನೇ ನುಂಗುತ್ತಾರೆ. ಅವರ ಬರಹದಲ್ಲಿ ಪದದ ಕೊನೆಗೆ ಸಕಾರ ಇದ್ದರೂ ಓದುವಾಗ ಅದು ಬರೀ ಉಸಿರಾಗುತ್ತದೆ. ಹಾಗಾಗಿ ಬಸ್ ಹೋಗಿ ಬಹ್ ಆಗುತ್ತದೆ. ಹೌಸ್ ಹೋಗಿ ಹೌ ಆಗುತ್ತದೆ. ಅವರಿಗೆ ನಾನು ಹೇಳುವುದು "ನಿಲ್ಲಿಸಬೇಡಿ, ಕೊನೆಯವರೆಗೂ ಹೋಗಿ" ಅಂತ. ಸ್ಸ್ ಅಂತ ಎಳೆದು, ಕೈಯನ್ನು ಬಾಗಿಲ ಕಡೆಗೆ ಚಾಚಿ ತೋರಿಸುತ್ತೇನೆ. ಇಡೀ ಕ್ಲಾಸು ಕೈ ಚಾಚುತ್ತದೆ. ಈ ದೃಶ್ಯದಲ್ಲಿ ಅಷ್ಟೂ ಕೈಗಳು ಕಾಣುತ್ತವೆ ನೋಡಿ.

ವಾಕ್ಯದ ವಿಷಯ ಇನ್ನೂ ಚೆನ್ನಾಗಿದೆ. ನಾವು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ. ಇಂಗ್ಲಿಷಿನಲ್ಲಿ ಅದನ್ನು ನಡುವೆ ತಂದು ಕೂರಿಸಲು ನನಗೆ ವರ್ಷಗಳೇ ಬೇಕಾದವು. ಖಮೇರ್ ಮಕ್ಕಳಿಗೆ ಆ ತೊಂದರೆಯೇ ಇಲ್ಲ. ಅವರ ಭಾಷೆಯಲ್ಲೂ ಕ್ರಿಯಾಪದ ನಡುವೆಯೇ ಬರುತ್ತದೆ. ಆದರೆ ಅವರಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ. "ಐ ಗೋ ಯೆಸ್ಟರ್‌ಡೇ" ಅನ್ನುತ್ತಾರೆ. ಬಹುವಚನದ ಪ್ರತ್ಯಯವೂ ಇಲ್ಲ, "ತ್ರೀ ಡಾಗ್" ಅನ್ನುತ್ತಾರೆ. ಬಣ್ಣ, ಗಾತ್ರ ಎಲ್ಲ ನಾಮಪದದ ನಂತರ ಬರುತ್ತದೆ, "ಕಾರ್ ರೆಡ್" ಅನ್ನುತ್ತಾರೆ. ಇದರಲ್ಲಿ ಯಾವುದೂ ದಡ್ಡತನ ಅಲ್ಲ. ತಾಯಿಭಾಷೆ ಹಾಕಿಕೊಟ್ಟ ದಾರಿಯಲ್ಲಿ ಮಗು ನಡೆಯುತ್ತಿದೆ. ಹುಟ್ಟಿನಿಂದ ಇಂಗ್ಲಿಷ್ ಮಾತಾಡಿದವರಿಗೆ ಇದು ತಪ್ಪು ಅಂತ ಕೂಡಲೇ ಗೊತ್ತಾಗುತ್ತದೆ. ಯಾಕೆ ತಪ್ಪಾಯಿತು ಅಂತ ಹುಡುಕುವ ಅಭ್ಯಾಸ ಮಾತ್ರ ಕಷ್ಟಪಟ್ಟು ಕಲಿತವರಿಗೆ ಜಾಸ್ತಿ. ಇದು ನನ್ನ ಗಟ್ಟಿ ನಂಬಿಕೆ.

ನನ್ನ ಜೊತೆ ಪಾಠ ಮಾಡುವ ಅಲ್ಲಿನ ಟೀಚರಮ್ಮ ಕೂಡ ಹಾಗೇ ಕಲಿತವರು. ಹೋಟೆಲಿನಲ್ಲಿ ಕೆಲಸ ಮಾಡುತ್ತಾ, ಅತಿಥಿಗಳ ಮಾತು ಕೇಳಿಸಿಕೊಳ್ಳುತ್ತಾ ಇಂಗ್ಲಿಷ್ ಕಲಿತರು. ಮಕ್ಕಳ ಮುಂದೆ ಇಂಗ್ಲಿಷಿನಲ್ಲಿ ಮಾತಾಡಲು ಮೊದಮೊದಲು ಹಿಂಜರಿಯುತ್ತಿದ್ದರು. ಆ ಹಿಂಜರಿಕೆ ನನಗೆ ಚೆನ್ನಾಗಿ ಗೊತ್ತು. ದಾವಣಗೆರೆಯ ಕಾಲೇಜಿನಲ್ಲಿ ಸೆಮಿನಾರ್ ಕೊಡುವಾಗ ನನ್ನ ಕೈಯಲ್ಲಿದ್ದ ಹಾಳೆ ಸದ್ದು ಮಾಡುವಷ್ಟು ನಡುಗುತ್ತಿತ್ತು. ಈಗ ನಾವಿಬ್ಬರೂ ಒಟ್ಟಿಗೆ ಬೋರ್ಡಿನ ಮುಂದೆ ನಿಲ್ಲುತ್ತೇವೆ. ಒಂದು ವಾಕ್ಯ ಅವರದು, ಒಂದು ನನ್ನದು. ವಾರ ಕಳೆದಂತೆ ಅವರ ವಾಕ್ಯ ಹೆಚ್ಚಾಗುತ್ತದೆ, ನನ್ನದು ಕಡಿಮೆಯಾಗುತ್ತದೆ. ನಾನು ಹೋಗಿರುವುದೇ ಅದಕ್ಕೆ. ನಾನು ಹೊರಟ ಮೇಲೂ ಆ ಮಕ್ಕಳ ಜೊತೆ ಇರುವವರು ಅವರು.

ಇಲ್ಲಿ ಒಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಸ್ವಯಂಸೇವೆಯ ಹೆಸರಿನಲ್ಲಿ ದೊಡ್ಡ ವ್ಯಾಪಾರ ನಡೆಯುತ್ತದೆ. ಹೊರಡುವ ಮೊದಲು ನಾನು ವಿಚಾರಿಸಿದ ಒಂದು ಏಜೆನ್ಸಿ ಎರಡು ವಾರ ಪಾಠ ಮಾಡಲು ನನ್ನಿಂದಲೇ ದೊಡ್ಡ ಮೊತ್ತ ಕೇಳಿತು. ಆ ದುಡ್ಡಿನಲ್ಲಿ ಶಾಲೆಗೆ ಎಷ್ಟು ಹೋಗುತ್ತದೆ ಅಂತ ಕೇಳಿದೆ, ಉತ್ತರ ಬರಲಿಲ್ಲ. ಇನ್ನೊಂದು ಕಡೆ, ಇಂಗ್ಲಿಷ್ ತಾಯಿನುಡಿ ಇರುವ ದೇಶದ ಪಾಸ್‌ಪೋರ್ಟ್ ಇದ್ದರೆ ಮಾತ್ರ ಅಂದರು. ಪಾಠ ಹೇಗೆ ಮಾಡುತ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಬೇಜಾರಾಯಿತು, ನಿಜ.

ಅದಕ್ಕಿಂತ ಗಂಭೀರ ವಿಷಯ ಅನಾಥಾಲಯಗಳದು. ಯುನಿಸೆಫ್ ಹೇಳುವ ಪ್ರಕಾರ, ಕಾಂಬೋಡಿಯಾದ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಇದ್ದಾರೆ. ಪ್ರವಾಸಿಗರು ಬಂದು ದುಡ್ಡು ಕೊಡುತ್ತಾರೆ ಅನ್ನುವ ಕಾರಣಕ್ಕೆ ಮಕ್ಕಳನ್ನು ಮನೆಯಿಂದ ತಂದು ಇಟ್ಟುಕೊಂಡದ್ದೂ ಉಂಟು. ಮಗು ಯಾರದೋ ಮಡಿಲಲ್ಲಿ ಕೂತ ಫೋಟೋ ನಮಗೆ ನೆನಪಾಗಿ ಉಳಿಯಬಹುದು. ಆ ಮಗುವಿಗೆ ತಿಂಗಳಿಗೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ಹೋಗುತ್ತಲೇ ಇರುತ್ತಾರೆ. ಮುಖ ತೋರಿಸದೆ ನಾನು ವಿಡಿಯೋ ಮಾಡುವುದು ಇದಕ್ಕೇ. ನೀವು ಹೋಗುವುದಾದರೆ ಅನಾಥಾಲಯ ಬೇಡ, ಶಾಲೆಗೆ ಹೋಗಿ. ನಿಮ್ಮ ಮೇಲೆ ಪೊಲೀಸ್ ಕೇಸ್ ಇಲ್ಲ ಅನ್ನುವ ದಾಖಲೆ ಕೇಳುವ ಶಾಲೆಗೆ ಹೋಗಿ. ಕೇಳದಿದ್ದರೆ ಅನುಮಾನ ಪಡಿ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ನನಗೆ ಸಂಬಳ ಇಲ್ಲ. ಕೋಣೆ ಮತ್ತು ಊಟ ಶಾಲೆಯವರದು. ವಿಮಾನ, ವೀಸಾ, ವಿಮೆ ನನ್ನದು. ಇಲ್ಲಿ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅದು. ಪ್ರವಾಸಿ ವೀಸಾ 30 ದಿನಕ್ಕೆ ಸಿಗುತ್ತದೆ, ಒಮ್ಮೆ ಮಾತ್ರ ಮುಂದುವರಿಸಬಹುದು. ಜಾಸ್ತಿ ಕಾಲ ಇರುವವರು ಇ ವರ್ಗದ ವೀಸಾ ತೆಗೆದುಕೊಳ್ಳಬೇಕು. ಅಲ್ಲಿ ಡಾಲರ್ ಮತ್ತು ರಿಯೆಲ್ ಎರಡೂ ನಡೆಯುತ್ತವೆ. ಒಂದು ಡಾಲರಿಗೆ ಸುಮಾರು 4,000 ರಿಯೆಲ್. ನನ್ನಂತೆ ಸಸ್ಯಾಹಾರಿ ಆಗಿದ್ದರೆ, ಮಾಂಸ ಬೇಡ ಅಂದರೆ ಸಾಲದು. ಮೀನಿನ ಸಾಸ್ ಕೂಡ ಬೇಡ ಅಂತ ಹೇಳಬೇಕು. ಅನ್ನ, ತೋಫು, ಸೊಪ್ಪಿನ ಪಲ್ಯ ಧಾರಾಳವಾಗಿ ಸಿಗುತ್ತದೆ. ಬೆಣ್ಣೆ ದೋಸೆ ಸಿಗುವುದಿಲ್ಲ. ದಾವಣಗೆರೆಗೆ ಬಂದ ದಿನವೇ ಹೋಗಿ ತಿಂದೆ, ಅದು ಈಗ ಸ್ಕ್ರೀನ್ ಮೇಲಿದೆ.

ಇದು ಸೂಳೆಕೆರೆ. ನಿನ್ನೆ ಅವ್ವನ ಜೊತೆ ಚನ್ನಗಿರಿ ಕಡೆ ಹೋದಾಗ ತೆಗೆದದ್ದು. ಪಕ್ಕದಲ್ಲಿ ಕಾಣುವುದು ಅಂಕೋರಿನ ಪಶ್ಚಿಮ ಬರಾಯ್, 11ನೇ ಶತಮಾನದಲ್ಲಿ ಕಟ್ಟಿದ ಕೆರೆ, ಸುಮಾರು 8 ಕಿಲೋಮೀಟರ್ ಉದ್ದ. ಪ್ರವಾಸಿಗರು ಅಂಕೋರ್ ವಾಟ್ ನೋಡಿ ಹೋಗಿಬಿಡುತ್ತಾರೆ. ನಾನು ಮಾತ್ರ ಬಿಡುವಾದಾಗಲೆಲ್ಲ ಈ ಕೆರೆ ಏರಿಗೆ ಹೋಗುತ್ತೇನೆ. ಭಾನುವಾರ ಮನೆಮಂದಿಯೆಲ್ಲ ಊಟ ಕಟ್ಟಿಕೊಂಡು ಬಂದಿರುತ್ತಾರೆ. ಅವ್ವ ಈ ಎರಡೂ ವಿಡಿಯೋ ನೋಡಿ, "ಹಂಗಾರೆ ನೀರಿರೋ ಕಡೆನೇ ಇದ್ದೀಯ ಬಿಡು" ಅಂದಳು. ಸಂಬಳ ಇಲ್ಲದ ಕೆಲಸಕ್ಕೆ ಯಾಕೆ ಹೋಗ್ತಿ ಅಂತ ಶುರುವಿನಲ್ಲಿ ಕಣ್ಣೀರು ಹಾಕಿದ್ದಳು. ಈಗ ಟೀಚರಮ್ಮನಿಗೆ ಕೊಡು ಅಂತ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ.

ಇನ್ನೊಂದು ಕೆಲಸ ಬಾಕಿ ಇದೆ. ನಮ್ಮ ಬೀದಿಯ ಕನ್ನಡ ಶಾಲೆಯ ಮಕ್ಕಳಿಗೂ ಈಗ ಬೇಸಿಗೆ ರಜೆ. ಸಂಜೆ ನಮ್ಮ ಮನೆ ಜಗಲಿ ಮೇಲೆ ಕೂತು ಅಲ್ಲಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದಾರೆ. ಊರು, ಊಟ, ಆಟ, ಮನೆಯ ಎಮ್ಮೆ, ಏನು ಬೇಕಾದರೂ ಬರೆಯಬಹುದು. ನಾನು ತಿದ್ದುತ್ತಿಲ್ಲ. ಎರಡೂ ಕಡೆಯ ಮಕ್ಕಳ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು, ಟೀಚರಮ್ಮನ ಜೊತೆ ಕೂತು ಮುಂದಿನ ಪಾಠಗಳನ್ನು ತಯಾರು ಮಾಡುತ್ತೇವೆ. ಪತ್ರಗಳು ತಲುಪಿದ ಮೇಲೆ, ಮಕ್ಕಳು ಒಪ್ಪಿದರೆ, ಕೆಲವನ್ನು ಮುಂದಿನ ವಿಡಿಯೋದಲ್ಲಿ ಹೆಸರು ಹೇಳದೆ ಓದುತ್ತೇನೆ.