ದುಂಬಿಯ ನಾಲಿಗೆಗೆ ಹಿಡಿಸುವ ಕಹಿ

ರೈತ ಬಾಂಧವರಿಗೆ ನಮಸ್ಕಾರ.

ಸೌತೆಕಾಯಿಯ ತುದಿಯನ್ನು ಕತ್ತರಿಸಿ, ಅದೇ ತುಂಡಿನಿಂದ ಬಿಳಿ ನೊರೆ ಬರುವಂತೆ ಉಜ್ಜಿ ಕಹಿ ತೆಗೆಯುವ ರೂಢಿ ನಮ್ಮ ಅಡುಗೆಮನೆಗಳಲ್ಲಿದೆ. ಉಜ್ಜಿದರೆ ಕಹಿ ನಿಜಕ್ಕೂ ಹೋಗುತ್ತದೆಯೇ ಎಂಬ ವಾದ ಬೇರೆ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ರಾಸಾಯನಿಕವೇ ಇಂದಿನ ವಿಷಯ. ತಿನ್ನಲು ಬರುವ ಜೀವಿಗಳನ್ನು ದೂರವಿಡಲು ಕುಂಬಳ ಜಾತಿಯ ಬಳ್ಳಿಗಳು ತಯಾರಿಸಿಕೊಂಡ ಈ ಕಹಿ, ಕೆಲವು ದುಂಬಿಗಳಿಗೆ ಮಾತ್ರ ಮೃಷ್ಟಾನ್ನವಾಗಿದೆ.

ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಹೀರೆ, ಸೋರೆ ಬೆಳೆದು ಕಲಾಸಿಪಾಳ್ಯದ ಮಾರುಕಟ್ಟೆಗೆ ಕಳುಹಿಸುವವರಿಗೆ ಕುಂಬಳದ ಕೆಂಪು ದುಂಬಿಯನ್ನು ಪರಿಚಯಿಸಬೇಕಾಗಿಲ್ಲ. ಬೀಜದೆಲೆ ಬಿಚ್ಚಿಕೊಳ್ಳುತ್ತಿದ್ದಂತೆಯೇ ಬಂದು ಕೂರುವ ಇದು, ಎಲೆಯನ್ನು ಮೊದಲು ದುಂಡಗೆ ಗೀರಿ, ಬಳಿಕ ಆ ವೃತ್ತದ ಒಳಭಾಗವನ್ನು ಮೇಯುತ್ತದೆ. ಇದರ ದೂರದ ನೆಂಟನಾದ ಡಯಾಬ್ರೋಟಿಕಾ ದುಂಬಿಯ ಮರಿಹುಳುಗಳು ಅಮೆರಿಕದಲ್ಲಿ ಮುಸುಕಿನ ಜೋಳದ ಬೇರು ತಿನ್ನುತ್ತವೆ. 1980ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಸಂಗಡಿಗರು ಕಹಿಬಳ್ಳಿಯ ಒಣಪುಡಿಗೆ ಅಲ್ಪ ಪ್ರಮಾಣದ ಕೀಟನಾಶಕ ಬೆರೆಸಿ ಹೊಲದಲ್ಲಿ ಇಟ್ಟು ನೋಡಿದರು. ಸಿಂಪಡಣೆಯಲ್ಲಿ ಪ್ರತಿ ಎಲೆಗೂ ವಿಷ ತಗಲಬೇಕು. ಇಲ್ಲಿ ಕಹಿಯ ರುಚಿ ಹತ್ತಿದ ದುಂಬಿ ತಾನಾಗಿಯೇ ವಿಷವನ್ನು ನುಂಗುತ್ತದೆ. ಹೂವಿಗೆ ಬರುವ ಜೇನ್ನೊಣದಂಥ ಕೀಟಗಳಿಂದಲೇ ಕಾಯಿ ಕಟ್ಟುವ ಬೆಳೆಯಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ಈ ಕಹಿಪುಡಿಯ ಆಮಿಷವು ಮಣ್ಣಿನೊಳಗಿನ ಮರಿಹುಳುವನ್ನು ಮುಟ್ಟುವುದಿಲ್ಲ, ಮಳೆ ಬಂದರೆ ಕೊಚ್ಚಿಹೋಗುತ್ತದೆ. ಆದ್ದರಿಂದ ಕೊಯ್ಲಾದ ಕೂಡಲೇ ಆಳವಾಗಿ ಉತ್ತು, ಮಣ್ಣಿನಲ್ಲಿರುವ ಕೋಶಗಳನ್ನು (ಮರಿಹುಳು ದುಂಬಿಯಾಗುವ ಮುಂಚಿನ ಹಂತ) ಬಿಸಿಲಿಗೂ ಹಕ್ಕಿಗೂ ಒಡ್ಡುವ ಹಳೆಯ ಕೆಲಸವನ್ನು ಬಿಡುವಂತಿಲ್ಲ.

ತೆಂಗಿನ ಸುಳಿಯನ್ನು ಕೊರೆಯುವ ಖಡ್ಗಮೃಗ ದುಂಬಿಗೆ ಬೇಕಾಗಿರುವುದು ಕಹಿಯಲ್ಲ, ಕೊಳೆತ ವಾಸನೆ. 1 ಕಿಲೋ ಹರಳು ಹಿಂಡಿಯನ್ನು 5 ಲೀಟರ್ ನೀರಿನಲ್ಲಿ ನೆನೆಸಿ ಮಣ್ಣಿನ ಮಡಕೆಗಳಲ್ಲಿ ತೋಟದೊಳಗೆ ಇಟ್ಟರೆ, ಹುಳಿಯುತ್ತಿದ್ದಂತೆ ದುಂಬಿಗಳು ಅದಕ್ಕೆ ಬಂದು ಬೀಳುತ್ತವೆ; ಬೆಳಿಗ್ಗೆ ಅವನ್ನು ಹೆಕ್ಕಿ ನಾಶಪಡಿಸಬಹುದು. ಆಮಿಷಗಳಿಗೆ ಕಾರ್ಬರಿಲ್ ಬೆರೆಸುವ ಸಲಹೆ ಹಳೆಯ ಕೈಪಿಡಿಗಳಲ್ಲಿ ಕಂಡರೆ ದಯವಿಟ್ಟು ಪಾಲಿಸಬೇಡಿ. ಆ ಕೀಟನಾಶಕವನ್ನು ಕೇಂದ್ರ ಸರ್ಕಾರ 2018ರಲ್ಲೇ ನಿಷೇಧಿಸಿದೆ. ಹರಳು ಹಿಂಡಿ ಸ್ವತಃ ವಿಷಕಾರಿಯಾದ್ದರಿಂದ, ದನಗಳೂ ಮನೆಯ ನಾಯಿಯೂ ಬಾಯಿ ಹಾಕದಂತೆ ಮಡಕೆಯ ಸುತ್ತ ಮುಳ್ಳುಕಂಟಿಯ ಬೇಲಿ ಹಾಕಿ.