ಶೆಟ್ಟಿಹಳ್ಳಿಯ ಫೋಟೋ ಎಲ್ಲರ ಹತ್ತಿರ ಇದೆ, ಶೆಟ್ಟಿಹಳ್ಳಿಯವರ ಫೋಟೋ ಎಲ್ಲಿದೆ?

ನಮಸ್ಕಾರ. ನಾನು ಹಾಸನದವಳು. ಶೆಟ್ಟಿಹಳ್ಳಿ ಚರ್ಚಿನ ಫೋಟೋ ನೀವೂ ನೋಡಿರುತ್ತೀರಿ, ಅಲ್ವಾ? 1860ರ ಹೊತ್ತಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ, ಹಿನ್ನೀರು ತುಂಬಿದಾಗ ಬಹುಪಾಲು ಮುಳುಗುತ್ತದೆ, ಬೇಸಿಗೆಗೆ ಮತ್ತೆ ಕಾಣಿಸುತ್ತದೆ. ಡ್ರೋನ್ ಹಾರಿಸುವವರು, ಮದುವೆಗೆ ಮುಂಚಿನ ಶೂಟ್‌ಗೆ ಬರುವವರು ಎಲ್ಲರೂ ಅಲ್ಲಿದ್ದಾರೆ. ಬರಲಿ, ನನಗೇನೂ ಬೇಜಾರಿಲ್ಲ. ಆದರೆ ಅದೇ ಚರ್ಚಿನಲ್ಲಿ ಮದುವೆಯಾದವರು ಯಾರಾದರೂ ಫೋಟೋ ತೆಗೆಸಿಕೊಂಡಿದ್ದರೆ, ಅದು ಈಗ ಎಲ್ಲಿದೆ? ಮುಳುಗಡೆಯಲ್ಲಿ ಊರು ಬಿಟ್ಟು ಬೇರೆ ಕಡೆ ಮನೆ ಕಟ್ಟಿಕೊಂಡವರ ಯಾವುದೋ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ.

ಅದಕ್ಕೇ ಹೇಳುತ್ತಿದ್ದೇನೆ, ಹಾಸನಕ್ಕೆ ಒಂದು ಫೋಟೋ ಗ್ಯಾಲರಿ ಬೇಕು. ಅದೂ ಹಳೇ ಕಟ್ಟಡದಲ್ಲೇ ಬೇಕು. ಮಂಗಳೂರು ಹೆಂಚು, ದಪ್ಪ ಗೋಡೆ, ಮುಂದೆ ಉದ್ದ ಜಗಲಿ ಇರುವ ಕಟ್ಟಡಕ್ಕೆ ಬೀಗ ಹಾಕಿ, ಕೊನೆಗೆ ಒಂದಿನ ಜೆಸಿಬಿ ತರಿಸುವ ಬದಲು ಬಾಗಿಲು ತೆರೆಯಬಹುದಲ್ಲ.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಫೋಟೋಗ್ರಾಫಿಸ್ಕಾ ಅಂತ ಒಂದು ಫೋಟೋ ಮ್ಯೂಸಿಯಂ ಇದೆ. 1906ರ ಸುಂಕದ ಕಟ್ಟೆ ಅದು, ಹಡಗಿನ ಸರಕು ತಪಾಸಣೆ ಮಾಡುತ್ತಿದ್ದ ಜಾಗ. 2010ರಲ್ಲಿ ಅಲ್ಲಿ ಫೋಟೋ ಪ್ರದರ್ಶನ ಶುರುವಾಯಿತು. ಕಚೇರಿ ಬಿಟ್ಟ ಮೇಲೆ ಹೋಗಬಹುದು, ಕಾಫಿ ಕುಡಿದು ನೀರು ನೋಡುತ್ತಾ ಕೂರಬಹುದು. ನಮ್ಮಲ್ಲಿ ಕಾಫಿಗೇನು ಕಡಿಮೆ?

ಹಾಸನದಲ್ಲಿ ಗ್ಯಾಲರಿಗೆ ಯಾರು ಬರುತ್ತಾರೆ ಅಂತ ಕೇಳುತ್ತಾರೆ. ಯಾವ ಮನೆಗಾದರೂ ಹೋಗಿ ಹಳೇ ಮದುವೆ ಆಲ್ಬಂ ತೆಗೆಸಿ ನೋಡಿ, ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಬಂದು, ಇದು ನಮ್ಮ ಚಿಕ್ಕಪ್ಪ ಅಲ್ವಾ, ಈ ಮಗು ಯಾರದ್ದು ಅಂತ ಶುರು ಮಾಡುತ್ತಾರೆ, ಸಂಜೆ ಪೂರ್ತಿ ಅದರಲ್ಲೇ ಹೋಗುತ್ತದೆ. ಆ ಮಾತುಕತೆ ಗ್ಯಾಲರಿಯ ಜಗಲಿಯಲ್ಲಿ ನಡೆಯಬೇಕು. ಮಕ್ಕಳು ಕೇಳಿಸಿಕೊಳ್ಳಬೇಕು, ಯಾರಾದರೂ ಬರೆದುಕೊಳ್ಳಬೇಕು.

ಹಳೇ ಕಟ್ಟಡದಲ್ಲಿ ತೇವದ ಕಾಟ ಇದ್ದೇ ಇದೆ. ಮಲೆನಾಡಿನ ಅಂಚಿನ ಊರು, ನೆಗೆಟಿವ್‌ಗೆ ಬೂಷ್ಟು ಹಿಡಿಯುತ್ತದೆ. ಕಿಟಕಿ ಬಿಸಿಲು ನೇರವಾಗಿ ಬಿದ್ದರೆ ಬಣ್ಣದ ಫೋಟೋ ಮಾಸುತ್ತದೆ. ಅದಕ್ಕೆ ಸ್ಕ್ಯಾನ್ ಮಾಡಿದ ಪ್ರಿಂಟ್ ಗೋಡೆಗೆ ಹಾಕಿ, ಅಸಲಿ ಮನೆಯವರ ಹತ್ತಿರವೇ ಇರಲಿ.

ಹಳೇಬೀಡಿನ ದೇವಸ್ಥಾನವನ್ನು ಓಕ್ಲಿ ಅನ್ನುವ ಬ್ರಿಟಿಷ್ ಅಧಿಕಾರಿ 1856ರಲ್ಲೇ ಫೋಟೋ ತೆಗೆದಿದ್ದ. 1859ರಲ್ಲಿ ಅದು ಲಂಡನ್‌ನಲ್ಲಿ ಪುಸ್ತಕವಾಯಿತು. ಆ ಚಿತ್ರಗಳ ಒಳ್ಳೇ ಪ್ರತಿಗಳನ್ನು ಹಳೇಬೀಡಿನ ಮಕ್ಕಳು ತಮ್ಮ ಜಿಲ್ಲೆಯಲ್ಲೇ ನಿಂತು ನೋಡಬೇಕು, ಪಕ್ಕದ ಗೋಡೆಯಲ್ಲಿ ಅವರ ಅಜ್ಜಿಯ ಫೋಟೋ ಇರಬೇಕು. ಇದು ಜಾಸ್ತಿ ಆಸೆ ಅಂತ ನನಗನ್ನಿಸುವುದಿಲ್ಲ.

ನಮ್ಮ ಮನೆಯ ಮೂರು ತಲೆಮಾರಿನ ಫೋಟೋ ತೆಗೆದ ಸ್ಟುಡಿಯೋ ಒಂದಿತ್ತು. ಅದು ಮುಚ್ಚಿದಾಗ ನೆಗೆಟಿವ್‌ಗಳೆಲ್ಲ ಗುಜರಿಗೆ ಹೋದವು. ನಮಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ಅಮ್ಮ ಅವತ್ತು ಊಟ ಮಾಡಲಿಲ್ಲ.

ಗ್ಯಾಲರಿ ಯಾವಾಗ ಆಗುತ್ತದೋ ಆಗಲಿ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಟ್ರಂಕ್ ತೆಗೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಫೋಟೋದ ಹಿಂದೆ ಮೆತ್ತಗೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ.