ಚಿಕಿತ್ಸೆಯ ನಡುವೆಯೇ ಓದು: ವಯಸ್ಕರಿಗೆ ಬೆಂಬಲಿತ ಶಿಕ್ಷಣ

[ದೃಶ್ಯ: ಶಿರಸಿಯ ಬಸ್ ನಿಲ್ದಾಣ, ಬೆಳಗಿನ ಕಾಲೇಜು ಹೊತ್ತು. ನಿರೂಪಕರ ಧ್ವನಿ.]

ನಮಸ್ಕಾರ. ಪದವಿಯ ನಡುವೆ ಮಾನಸಿಕ ಕಾಯಿಲೆಗೋ ವ್ಯಸನಕ್ಕೋ ಸಿಕ್ಕಿ ಕಾಲೇಜು ಬಿಟ್ಟ ಮಗನೋ ಮಗಳೋ ಮನೆಯಲ್ಲಿದ್ದರೆ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಿರಿಯರು ಸಾಮಾನ್ಯವಾಗಿ ಆಡುವ ಮಾತು ಇದು: "ಮೊದಲು ಪೂರ್ತಿ ಆರಾಮಾಗಲಿ, ಓದಿನ ವಿಷಯ ಆಮೇಲೆ ನೋಡೋಣ." ಮಾತಿನ ಹಿಂದಿರುವುದು ಪ್ರೀತಿಯೇ. ಆದರೆ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವುದು, ಭ್ರಮೆ), ಬೈಪೋಲಾರ್ (ಮನಸ್ಸಿನ ಅತಿಯಾದ ಏರಿಳಿತ) ಮೊದಲಾದ, ಹಲವರಲ್ಲಿ ವರ್ಷಗಟ್ಟಲೆ ಔಷಧಿ ಬೇಡುವ ಕಾಯಿಲೆಗಳಲ್ಲಿ "ಪೂರ್ತಿ ಆರಾಮಾದ ದಿನ" ಎಂದು ಗುರುತು ಹಾಕಲು ಬರುವುದಿಲ್ಲ. ಹೀಗಾಗಿ ಓದನ್ನು ಆಮೇಲಕ್ಕೆ ಇಟ್ಟವರಲ್ಲಿ ಅನೇಕರಿಗೆ ಆ ಸಮಯ ಬರುವುದೇ ಇಲ್ಲ. ಸ್ಕಿಜೋಫ್ರೇನಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಲ್ಲಿ ಇಲ್ಲವೇ ಇಪ್ಪತ್ತರ ಆಸುಪಾಸಿನಲ್ಲಿ. ಕಾಯಿಲೆ ಶುರುವಾಗುವ ವಯಸ್ಸು ಮತ್ತು ಓದಿನ ವಯಸ್ಸು ಒಂದೇ ಆಗಿರುವುದರಿಂದ ನಷ್ಟವೂ ಅಲ್ಲಿಯೇ ದೊಡ್ಡದು.

ಬೆಂಬಲಿತ ಶಿಕ್ಷಣ ಎಂಬ ಪದ್ಧತಿ ಈ ಅನುಕ್ರಮವನ್ನೇ ಬದಲಿಸುತ್ತದೆ. ಓದು ಚಿಕಿತ್ಸೆ ಮುಗಿದ ಮೇಲೆ ಸಿಗುವ ಬಹುಮಾನವಲ್ಲ, ಚಿಕಿತ್ಸೆಯ ಜೊತೆಗೇ ನಡೆಯಬೇಕಾದ ಕೆಲಸ ಎಂಬುದು ಅದರ ನಿಲುವು. 1980ರ ದಶಕದಲ್ಲಿ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಮನೋಪುನರ್ವಸತಿ ಕೇಂದ್ರದಲ್ಲಿ ಇದಕ್ಕೆ ಒಂದು ರೂಪ ಬಂದಿತು. ಅಲ್ಲಿನವರು ಅದನ್ನು ಆರಿಸಿಕೊಳ್ಳುವುದು, ಸೇರುವುದು, ಉಳಿದುಕೊಳ್ಳುವುದು ಎಂದು ಮೂರು ಹಂತಗಳಾಗಿ ನೋಡಿದರು. ಮೊದಲ ಎರಡು ಹಂತಗಳನ್ನು ನಾವೂ ಹೇಗೋ ದಾಟಿಸಿಬಿಡುತ್ತೇವೆ. ಪರಿಚಯದವರನ್ನು ಹಿಡಿದು ಸೀಟು ಕೊಡಿಸುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಕೈಬಿಡುವುದು ಮೂರನೆಯ ಹಂತದಲ್ಲಿ.

[ದೃಶ್ಯ: ಕೋಣೆಯೊಂದರಲ್ಲಿ ಮೇಜು, ಪುಸ್ತಕ, ಮಾತ್ರೆಯ ಡಬ್ಬಿ.]

ಉಳಿದುಕೊಳ್ಳುವುದು ಏಕೆ ಕಷ್ಟವೆಂದು ನೋಡಿದರೆ, ಬುದ್ಧಿವಂತಿಕೆಯ ಕೊರತೆ ಅದಕ್ಕೆ ಕಾರಣವಲ್ಲ. ಕಾಯಿಲೆ ಗಮನವನ್ನು ಚದುರಿಸುತ್ತದೆ, ಈಗಷ್ಟೇ ಓದಿದ ಪುಟವನ್ನು ಮರೆಸುತ್ತದೆ. ರಾತ್ರಿ ನುಂಗಿದ ಮಾತ್ರೆಯ ಮಂಪರು ಬೆಳಗಿನ ಮೊದಲ ತರಗತಿಯವರೆಗೂ ಇಳಿಯದೆ ಇರಬಹುದು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಔಷಧಿ ಸೇವಿಸುವ ಕೆಲವರಿಗೆ ಕೈ ನಡುಗಿ ವೇಗವಾಗಿ ಬರೆಯಲಾಗುವುದಿಲ್ಲ. ಇವುಗಳಿಗೆ ಪರಿಹಾರಗಳಿವೆ, ಆದರೆ ಅವನ್ನು ಹುಡುಕಿ ಜೋಡಿಸುವ ಒಬ್ಬರು ಬೇಕು. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರಲ್ಲಿ ವಿಚಾರಿಸುವುದು, ಆರು ವಿಷಯಗಳ ಬದಲು ಎರಡರಿಂದ ಆರಂಭಿಸಲು ಒಪ್ಪಿಸುವುದು, ಪರೀಕ್ಷಾ ಶುಲ್ಕದ ಕೊನೆಯ ದಿನಾಂಕವನ್ನು ನೆನಪಿಸುವುದು, ಎರಡು ವಾರ ತರಗತಿಗೆ ಹೋಗದವರ ಮನೆಗೆ ಬೈಯದೆ ಹೋಗಿ ಬರುವುದು: ಬೆಂಬಲ ಎಂದರೆ ಬಹುಪಾಲು ಇಂತಹ ಸಣ್ಣ ಕೆಲಸಗಳೇ. ಈ ಬೆಂಬಲ ಕೊಡುವವರು ಆಪ್ತಸಮಾಲೋಚಕರಾಗಿರಬಹುದು, ನಿವೃತ್ತ ಶಿಕ್ಷಕರಾಗಿರಬಹುದು, ಇದೇ ದಾರಿಯಲ್ಲಿ ನಡೆದು ಬಂದ ಗೆಳೆಯರೂ ಆಗಿರಬಹುದು. ತಂದೆ ತಾಯಿಯೇ ಆ ಪಾತ್ರ ವಹಿಸಿದರೆ ಮನೆಯೆಲ್ಲ ಪರೀಕ್ಷೆಯ ಕೋಣೆಯಾಗುವ ಅಪಾಯವಿದೆ ಎಂಬುದು ನನ್ನ ಅಭಿಪ್ರಾಯ.

ಇದರಿಂದ ಪ್ರಯೋಜನವಿದೆಯೇ? ಅಮೆರಿಕದ 34 ಚಿಕಿತ್ಸಾಲಯಗಳಲ್ಲಿ, ಮೊದಲ ಬಾರಿಗೆ ಮನೋವಿಕೃತಿ (ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಕಾಣಿಸಿಕೊಂಡ 404 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ, ಕುಟುಂಬಕ್ಕೆ ತಿಳಿವಳಿಕೆ, ಆಪ್ತಸಮಾಲೋಚನೆ ಹಾಗೂ ಓದು ಮತ್ತು ಉದ್ಯೋಗದ ಬೆಂಬಲವನ್ನು ಒಟ್ಟಿಗೆ ಪಡೆದವರು ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಾಗಿ ಓದು ಮತ್ತು ಕೆಲಸದಲ್ಲಿ ತೊಡಗಿದ್ದರು. ಎಲ್ಲವನ್ನೂ ಸೇರಿಸಿ ಕೊಟ್ಟಿದ್ದರಿಂದ ಫಲವನ್ನು ಓದಿನ ಬೆಂಬಲವೊಂದರ ಲೆಕ್ಕಕ್ಕೇ ಹಾಕುವಂತಿಲ್ಲ ಎಂಬುದನ್ನೂ ಹೇಳಬೇಕು.

[ದೃಶ್ಯ: ದೇವಿಮನೆ ಘಟ್ಟದ ರಸ್ತೆ, ಮಳೆ. ನಂತರ ಕಾರವಾರದ ಬಂದರಿನಲ್ಲಿ ಲಂಗರು ಹಾಕಿದ ದೋಣಿಗಳು.]

ಇನ್ನು ನಮ್ಮ ಜಿಲ್ಲೆಗೆ ಬರೋಣ. ಮಳೆಗಾಲದಲ್ಲಿ ಘಟ್ಟದ ಬಸ್ಸನ್ನು ನಂಬಿ ದಿನವೂ ಹಾಜರಾತಿ ಕೊಡುವುದು ಆರೋಗ್ಯವಂತರಿಗೇ ಕಷ್ಟ. ಹಾಗಾಗಿ ದಿನವೂ ತರಗತಿಗೆ ಹೋಗಬೇಕಿಲ್ಲದ ಮುಕ್ತ ಶಿಕ್ಷಣವನ್ನು ಮೊದಲು ಯೋಚಿಸುವುದು ಒಳ್ಳೆಯದು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಕಾಲಾವಕಾಶ, ಒಂಬತ್ತು ಪರೀಕ್ಷಾ ಅವಕಾಶಗಳಿದ್ದು, ಉತ್ತೀರ್ಣವಾದ ವಿಷಯಗಳ ಅಂಕ ಹಾಗೆಯೇ ಉಳಿಯುತ್ತದೆ. ಕಾಯಿಲೆ ನಡುವೆ ಮರುಕಳಿಸಿದರೂ ಓದು ಮೊದಲಿನಿಂದ ಆರಂಭವಾಗಬೇಕಿಲ್ಲ. ಪದವಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ ಕೂಡ ಇವೆ.

ವೇಳಾಪಟ್ಟಿಯನ್ನು ಊರಿನ ದುಡಿಮೆಗೆ ಹೊಂದಿಸಿದರೆ ಇನ್ನೂ ಅನುಕೂಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕುಡಿತ ಬಿಟ್ಟು ಹೊರಬರುತ್ತಿರುವ ಬೋಟಿನ ಕೆಲಸಗಾರನಿಗೆ ಕೈ ಖಾಲಿಯಾಗುವ ಈ ಎರಡು ತಿಂಗಳು ಕಠಿಣವಾಗಬಹುದು. ಅಕ್ಟೋಬರ್‌ನ ಎನ್‌ಐಒಎಸ್ ಪರೀಕ್ಷೆಗೆ ಓದಲು ಅದೇ ತಕ್ಕ ಕಾಲ. ಘಟ್ಟದ ಮೇಲೆ, ಅಡಿಕೆ ಕೊಯ್ಲಿನ ಗಡಿಬಿಡಿ ಏರುವ ಮೊದಲೇ ಆ ಪರೀಕ್ಷೆಗಳು ಬಹುಮಟ್ಟಿಗೆ ಮುಗಿದಿರುತ್ತವೆ. ಓದು ಎಂದರೆ ಪದವಿಯೇ ಆಗಬೇಕೆಂದೇನೂ ಇಲ್ಲ: ಟೊರಾಂಟೊದ ಜಾರ್ಜ್ ಬ್ರೌನ್ ಕಾಲೇಜು ಮಾನಸಿಕ ಕಾಯಿಲೆ ಅಥವಾ ವ್ಯಸನದಿಂದ ಹೊರಬರುತ್ತಿರುವವರಿಗಾಗಿಯೇ ಅಡುಗೆ ಮತ್ತು ಕಟ್ಟಡ ಕೆಲಸದ ತರಬೇತಿಯನ್ನು ರೂಪಿಸಿತು. ನಮ್ಮಲ್ಲಿ ಐಟಿಐ ಇದೆ.

[ದೃಶ್ಯ: ಪರದೆಯ ಮೇಲೆ ಎರಡು ಕಾಯ್ದೆಗಳ ಹೆಸರು.]

ಕಾನೂನಿನ ವಿಷಯದಲ್ಲಿ ಒಂದು ತೊಡಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಮೀಸಲಾತಿ ಮತ್ತು ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆ ಸಿಗುತ್ತದೆ. ಕೇಂದ್ರದ ಮಾರ್ಗಸೂಚಿಯಂತೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯವನ್ನೂ ಕೇಳಬಹುದು. ಆದರೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆಯೆಂದು ಹೆಸರಿಸಿದ್ದರೂ 2016ರ ಕಾಯ್ದೆಯ ವ್ಯಾಖ್ಯೆಯಲ್ಲಿ ಅವುಗಳ ಪ್ರಸ್ತಾಪವಿಲ್ಲ. ವ್ಯಸನದಿಂದ ಹೊರಬರುತ್ತಿರುವವರು ಈ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳದೆ ಕಾಲೇಜಿನ ಪ್ರಾಂಶುಪಾಲರೊಂದಿಗೆ ನೇರವಾಗಿ ಮಾತನಾಡುವುದೇ ವಾಸಿ.

ಆ ಮಾತಿನಲ್ಲಿ ಎಷ್ಟು ಹೇಳಬೇಕು ಎಂಬ ಪ್ರಶ್ನೆ ಸಣ್ಣ ಊರಿನಲ್ಲಿ ನಿಜಕ್ಕೂ ದೊಡ್ಡದು. ಇಲ್ಲಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರು ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಗಿರುತ್ತಾರೆ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದು 2017ರ ಕಾಯ್ದೆ ಕೊಟ್ಟ ಹಕ್ಕು. ಮೀಸಲಾತಿಗೆ ಪ್ರಮಾಣಪತ್ರ ತೋರಿಸಲೇಬೇಕು; ಉಳಿದಂತೆ "ಚಿಕಿತ್ಸೆಯಲ್ಲಿದ್ದೇನೆ, ಬೆಳಗಿನ ತರಗತಿಗೆ ತಡವಾಗಬಹುದು" ಎಂದು ಬೇಕಾದ ಅನುಕೂಲವನ್ನಷ್ಟೇ ಕೇಳಿ, ಕಾಯಿಲೆಯ ಹೆಸರನ್ನು ಹೇಳದೆ ಇರಬಹುದು. ಯಾರಿಗೆ, ಎಷ್ಟು ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕು, ಮನೆಯವರಲ್ಲ.

[ದೃಶ್ಯ: ಪರದೆಯ ಮೇಲೆ 14416 ಮತ್ತು 14446.]

ಎಲ್ಲಿ ಕೇಳಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ವ್ಯಸನದ ವಿಷಯಕ್ಕೆ 14446 ಇದೆ. ಈಗಾಗಲೇ ಚಿಕಿತ್ಸೆಯಲ್ಲಿರುವವರು ಮುಂದಿನ ಭೇಟಿಯಲ್ಲಿ ಮಾತ್ರೆಯ ಚೀಟಿಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ: "ಈ ವರ್ಷ ಎರಡು ವಿಷಯ ಓದಬೇಕೆಂದಿದ್ದೇನೆ, ಅದಕ್ಕೆ ಔಷಧಿಯ ಹೊತ್ತನ್ನು ಹೇಗೆ ಹೊಂದಿಸೋಣ?"